ಹಸಿರುಗಟ್ಟಿದ ಕೊಳ ತಿಳಿಯಾಗುವುದು ಹೇಗೆ?

ನಿಂತ ನೀರು ಕೆಡುತ್ತದೆ ಎಂಬುದು ಹಿರಿಯರ ಅನುಭವದ ಮಾತು. ಕೆಟ್ಟ ನೀರನ್ನು ಮತ್ತೆ ತಿಳಿಗೊಳಿಸಬಹುದು ಎಂಬುದಕ್ಕೆ ಮೇಟಗಳ್ಳಿಯ ನೆರೆಯಲ್ಲಿಯೇ ನಿದರ್ಶನವಿದೆ. ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿರುವ ಹೆಬ್ಬಾಳು ಕೆರೆ ಬಹುಕಾಲ ಕೊಳಚೆಯ ಮಡುವಾಗಿತ್ತು. ರಾಜ್ಯ ಸರ್ಕಾರದ ಸಹಭಾಗಿತ್ವದಲ್ಲಿ ಇನ್ಫೋಸಿಸ್ ಪ್ರತಿಷ್ಠಾನವು ನಡೆಸಿದ ಅದರ ಪುನಶ್ಚೇತನ 2022ರಲ್ಲಿ ಪ್ರಕಟವಾಯಿತು. ಅಲ್ಲಿ ನೀರನ್ನು ಶುಚಿಗೊಳಿಸಿದುದಷ್ಟೇ ಅಲ್ಲ, ಕೆರೆಗೆ ಹರಿದುಬರುವ ಕೊಳಚೆಗೆ ಶುದ್ಧೀಕರಣ ಘಟಕವನ್ನೂ ಕಟ್ಟಲಾಯಿತು. ಕೆಡುಕಿನ ಮೂಲವನ್ನು ಹಿಡಿಯದೆ ಮೇಲಿನ ಪಾಚಿಯನ್ನಷ್ಟೇ ತೆಗೆದರೆ ಫಲವಿಲ್ಲ ಎಂಬುದು ಕೆರೆ ಕಲಿಸುವ ಪಾಠ. ಈಜುಕೊಳಕ್ಕೂ ಇದೇ ಪಾಠ ಅನ್ವಯಿಸುತ್ತದೆ.

2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣದಿಂದ ದೇಶದ ಈಜುಕೊಳಗಳೆಲ್ಲ ಮುಚ್ಚಿದವು. ಅದೇ ಅಕ್ಟೋಬರ್‌ನಲ್ಲಿ ಕ್ರೀಡಾಪಟುಗಳ ತರಬೇತಿಗೆ ಮಾತ್ರ, 2021ರ ಫೆಬ್ರವರಿಯಲ್ಲಿ ಎಲ್ಲರಿಗೂ ಅನುಮತಿ ದೊರೆಯಿತು. ಯಂತ್ರ ನಿಂತು ಕೆಲವೇ ವಾರಗಳಾದರೆ ಸಾಕು, ಕೊಳ ಹಸಿರಾಗುತ್ತದೆ. ಶಾಲೆ, ವಿದ್ಯಾರ್ಥಿನಿಲಯ, ಬಡಾವಣೆಗಳ ಆಡಳಿತದಲ್ಲಿ ಹೊಣೆ ಹೊತ್ತಿರುವ ಕಥೋಲಿಕ ಬಂಧುಗಳು ನಮ್ಮಲ್ಲಿ ಅನೇಕರಿದ್ದಾರೆ. ಅವರಿಗೂ, ಮಕ್ಕಳನ್ನು ಈಜಿಗೆ ಕಳುಹಿಸುವ ತಂದೆತಾಯಿಯರಿಗೂ ಉಪಯುಕ್ತವಾಗಲೆಂದು ಈ ವಾರ ಇದೇ ವಿಷಯವನ್ನು ಎತ್ತಿಕೊಂಡಿದ್ದೇವೆ.

ಪಾಳುಬಿದ್ದ ಕೊಳ ಅದರ ಒಡೆಯನೊಬ್ಬನ ಸಮಸ್ಯೆಯಲ್ಲ. ನಿಂತ ನೀರಿನಲ್ಲಿ ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡವನ್ನೂ ವಿಧಿಸಿತು. ನಮ್ಮ ಅಲಕ್ಷ್ಯದ ಬೆಲೆಯನ್ನು ನೆರೆಮನೆಯ ಮಗು ತೆರುವಂತಾಗಬಾರದು.

ಇನ್ನು ಕಾರ್ಯಕ್ರಮ. ಕೊಳ ಕೆಟ್ಟಿದೆಯೆಂದು ಅವಸರದಿಂದ ನೀರನ್ನೆಲ್ಲ ಹೊರಚೆಲ್ಲಬಾರದು. ಮಳೆಗಾಲದಲ್ಲಿ ಅಂತರ್ಜಲ ಮೇಲೇರಿದ್ದರೆ, ಬರಿದಾದ ತೊಟ್ಟಿಯನ್ನು ಕೆಳಗಿನ ನೀರಿನ ಒತ್ತಡ ಮೇಲಕ್ಕೆತ್ತಿ ಬಿರುಕು ಬಿಡಿಸಬಲ್ಲದು. ತಳದಲ್ಲಿ ಕೆಸರು ದಟ್ಟವಾಗಿದ್ದು ಬರಿದು ಮಾಡಲೇಬೇಕಾದರೆ ಬೇಸಿಗೆಯಲ್ಲಿ, ಎಂಜಿನಿಯರರ ಸಲಹೆಯಂತೆ ಮಾಡುವುದು ಲೇಸು. ಇಲ್ಲವಾದರೆ ಮೊದಲು ಬಲೆಯಿಂದ ಎಲೆ, ಕಸ, ಕೆಸರನ್ನು ತೆಗೆದು, ಸೋಸುವ ಯಂತ್ರ ಸರಿಯಿದೆಯೇ ಎಂದು ನೋಡಬೇಕು.

ಎರಡನೆಯದು ಪರೀಕ್ಷೆ. ನೀರಿನ ಆಮ್ಲ–ಕ್ಷಾರ ಗುಣವನ್ನು ಪಿಎಚ್ ಎಂಬ ಅಳತೆಯಿಂದ ತಿಳಿಯುತ್ತಾರೆ. ಕೊಳದಲ್ಲಿ ಇದು 7.2ರಿಂದ 7.8ರ ಒಳಗಿರಬೇಕು. ಕ್ಲೋರಿನ್ನಿನ ಶಕ್ತಿ ಇದನ್ನೇ ಅವಲಂಬಿಸಿದೆ. ಪಿಎಚ್ 7.5ರಲ್ಲಿ ಕ್ಲೋರಿನ್ನಿನ ಸುಮಾರು ಅರ್ಧಭಾಗ ಕ್ರಿಮಿನಾಶಕವಾಗಿ ಚುರುಕಾಗಿರುತ್ತದೆ, 8ಕ್ಕೆ ಏರಿದರೆ ಕಾಲುಭಾಗಕ್ಕೂ ಕಡಿಮೆ. ಆದ್ದರಿಂದ ಪಿಎಚ್ ಸರಿಪಡಿಸದೆ ಚೀಲಗಟ್ಟಲೆ ಪುಡಿ ಸುರಿಯುವುದು ಹಣವನ್ನು ನೀರಿಗೆ ಚೆಲ್ಲಿದಂತೆಯೇ ಸರಿ. ಪಿಎಚ್ ಹೆಚ್ಚಿದ್ದರೆ ಆಮ್ಲವನ್ನು ಅಳತೆಯಲ್ಲಿ ಬೆರೆಸಬೇಕು. ನೀರಿನ ಕ್ಷಾರತೆ ಕುಗ್ಗಿದ್ದರೆ ಅಡುಗೆ ಸೋಡಾ ನೆರವಾಗುತ್ತದೆ. ಕ್ಷಾರತೆ ಲೀಟರಿಗೆ 80ರಿಂದ 120 ಮಿಲಿಗ್ರಾಂ ಇದ್ದರೆ ಪಿಎಚ್ ಏರಿಳಿಯದೆ ನಿಲ್ಲುತ್ತದೆ. ಸಮತೋಲ ತಪ್ಪಿ ನೀರು ಹುಳಿಯಾದರೆ ಗಾರೆಯನ್ನೂ ಲೋಹವನ್ನೂ ತಿನ್ನುತ್ತದೆ. ಕ್ಷಾರವಾದರೆ, ಅದರಲ್ಲೂ ಕೊಳವೆಬಾವಿಯ ಗಡಸು ನೀರಾದರೆ, ಸುಣ್ಣದ ಪದರ ಕಟ್ಟುತ್ತದೆ.

ಮೂರನೆಯದು ಕ್ಲೋರಿನ್. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಸರಾಸರಿ ಎರಡು ಮೀಟರ್ ಆಳದ ಕೊಳದಲ್ಲಿ 1 ಲಕ್ಷ ಲೀಟರ್ ನೀರಿರುತ್ತದೆ. ಪಾಚಿಯನ್ನು ಕೊಲ್ಲಲು ಲೀಟರಿಗೆ 10 ಮಿಲಿಗ್ರಾಂ ಕ್ಲೋರಿನ್ ಬೇಕೆಂದರೆ, ಒಟ್ಟು 1 ಕಿಲೋ ಕ್ಲೋರಿನ್ ಬೇಕು. ನೂರಕ್ಕೆ ಮೂವತ್ತರಷ್ಟು ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರಾದರೆ ಸುಮಾರು ಮೂರೂಕಾಲು ಕಿಲೋ ಆಯಿತು. ತೇವ ತಗುಲಿದ ಹಳೆಯ ಪುಡಿಯಲ್ಲಿ ಈ ಸತ್ವ ಉಳಿದಿರುವುದಿಲ್ಲ. ಬಿಸಿಲು ಕ್ಲೋರಿನ್ನನ್ನು ಹಾಳುಮಾಡುವುದರಿಂದ ಸಂಜೆ ಬೆರೆಸುವುದು ಉತ್ತಮ. ಗೋಡೆ, ಮೂಲೆಗಳನ್ನು ಬ್ರಷ್‌ನಿಂದ ಉಜ್ಜಿ, ಯಂತ್ರವನ್ನು ಹಗಲಿರುಳು ನಡೆಸಿ, ಒತ್ತಡ ಏರಿದಾಗಲೆಲ್ಲ ಸೋಸುವ ಮರಳನ್ನು ಹಿಮ್ಮುಖವಾಗಿ ತೊಳೆಯಬೇಕು. ಒಂದು ದಿನದಲ್ಲಿ ಮುಗಿಯುವ ಕೆಲಸವಿದಲ್ಲ. ರಾತ್ರಿ ಅಳೆದ ಕ್ಲೋರಿನ್ ಬೆಳಗಾಗುವಷ್ಟರಲ್ಲಿ ಕರಗಿಹೋಗಿದ್ದರೆ ಪಾಚಿ ಇನ್ನೂ ಜೀವಂತವಾಗಿದೆಯೆಂದು ತಿಳಿದು ಮತ್ತೆ ಬೆರೆಸಬೇಕು. ಹಸಿರು ಹೋಗಿ ನೀರು ಬೂದಿಬಣ್ಣಕ್ಕೆ ತಿರುಗುವುದು ಒಳ್ಳೆಯ ಸೂಚನೆ. ಉಳಿದ ಮಬ್ಬನ್ನು ಪಟಿಕ ತಳಕ್ಕಿಳಿಸುತ್ತದೆ, ಅದನ್ನು ಮೆಲ್ಲನೆ ಹೀರಿ ಹೊರಹಾಕಬೇಕು. ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂಗೆ ಇಳಿದ ಮೇಲಷ್ಟೇ ಈಜಿಗೆ ತೆರೆಯಬಹುದು.

ಇಲ್ಲಿ ಎಚ್ಚರಿಕೆಯ ಮಾತೊಂದು. ಆಮ್ಲವನ್ನೂ ಬ್ಲೀಚಿಂಗ್ ಪೌಡರನ್ನೂ ಎಂದಿಗೂ ಒಂದುಗೂಡಿಸಬಾರದು, ಒಂದೇ ಬಕೆಟ್ಟಿನಲ್ಲಿ ಅಳೆಯಲೂಬಾರದು. ಪ್ರಾಣಾಂತಿಕ ಕ್ಲೋರಿನ್ ಅನಿಲ ಏಳುತ್ತದೆ. ರಾಸಾಯನಿಕವನ್ನು ನೀರಿಗೆ ಹಾಕಬೇಕೇ ಹೊರತು ರಾಸಾಯನಿಕದ ಮೇಲೆ ನೀರು ಸುರಿಯಬಾರದು. ಈ ಕೆಲಸ ಮಾಡುವ ಕಾರ್ಮಿಕನಿಗೆ ಕೈಗವಸು, ಕನ್ನಡಕ, ಮುಖಗವಸು ಕೊಡುವುದು ಕೊಡಿಸುವವರ ಧರ್ಮ. ಮೂಗಿಗೆ ಬಡಿಯುವ ‘ಕ್ಲೋರಿನ್ ವಾಸನೆ’ ಶುದ್ಧತೆಯ ಗುರುತೆಂದು ಅನೇಕರು ನಂಬುತ್ತಾರೆ. ಅದು ಬೆವರು, ಮೂತ್ರಗಳೊಡನೆ ಕ್ಲೋರಿನ್ ಬೆರೆತು ಹುಟ್ಟುವ ವಾಸನೆ. ನೀರಿಗಿಳಿಯುವ ಮುನ್ನ ಮಕ್ಕಳು ಸ್ನಾನ ಮಾಡಬೇಕೆನ್ನುವುದು ಇದಕ್ಕಾಗಿಯೇ.

ಆಳದ ತುದಿಯಲ್ಲಿ ತಳ ಸ್ಪಷ್ಟವಾಗಿ ಕಾಣದ ಕೊಳಕ್ಕೆ ಯಾರನ್ನೂ ಇಳಿಸಬಾರದು. ಮಬ್ಬು ನೀರಿನಲ್ಲಿ ಮುಳುಗಿದವರು ದಡದಲ್ಲಿರುವವರ ಕಣ್ಣಿಗೆ ಬೀಳುವುದಿಲ್ಲ. ಆದರೆ ತಿಳಿನೀರೊಂದೇ ರಕ್ಷಣೆಯಲ್ಲ. 2024ರ ನವೆಂಬರ್‌ನಲ್ಲಿ ಮಂಗಳೂರು ಬಳಿಯ ಉಚ್ಚಿಲದ ವಸತಿಧಾಮವೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಅಸುನೀಗಿದ ದುಃಖವನ್ನು ನಮ್ಮ ನಗರ ಮರೆತಿಲ್ಲ. ಆಳದ ಗುರುತು, ತೇಲುಬಳೆ, ಈಜು ಬಲ್ಲ ಕಾವಲುಗಾರ ಈ ಮೂರೂ ಇಲ್ಲದಿದ್ದರೆ ಬೀಗ ತೆರೆಯದಿರುವುದೇ ಮೇಲು.

ಸಂತ ಯೊವಾನ್ನರ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಬೆತ್ಸಥಾ ಕೊಳದ ವೃತ್ತಾಂತವಿದೆ. ಮೂವತ್ತೆಂಟು ವರ್ಷ ರೋಗಿಯಾಗಿದ್ದವನಿಗೆ ಕೊಳ ಹತ್ತಿರದಲ್ಲಿಯೇ ಇತ್ತು. ಕೈಹಿಡಿದು ಇಳಿಸುವವರು ಮಾತ್ರ ಇರಲಿಲ್ಲ. ಪ್ರಭು ಯೇಸು ಅವನನ್ನು ಕಂಡು ಮಾತನಾಡಿಸಿದರು. ನೀರಿದ್ದರೆ ಸಾಲದು, ಕಾಳಜಿಯುಳ್ಳ ಮನುಷ್ಯರೂ ಬೇಕು ಎಂಬ ತಿಳಿವಳಿಕೆ ಇಲ್ಲಿ ನಮಗೆ ದೊರೆಯುತ್ತದೆ. ದಿವಂಗತ ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ಪತ್ರದಲ್ಲಿ ಸುರಕ್ಷಿತ ಕುಡಿಯುವ ನೀರು ಮನುಷ್ಯನ ಮೂಲಭೂತ ಹಕ್ಕು ಎಂದು ಸಾರಿದರು. ಕುಡಿಯುವ ನೀರಿಗೆ ಬವಣೆಯಿರುವ ನಾಡಿನಲ್ಲಿ ಲಕ್ಷ ಲೀಟರನ್ನು ಕೊಳೆಯಲು ಬಿಟ್ಟು, ಚೆಲ್ಲಿ, ಮತ್ತೆ ತುಂಬುವುದು ನ್ಯಾಯವೇ? ಇರುವ ನೀರನ್ನೇ ಜತನದಿಂದ ಕಾಪಾಡಿಕೊಂಡರೆ ವೆಚ್ಚವೂ ಉಳಿಯುತ್ತದೆ. ಹೊರಬಿಡಬೇಕಾದ ನೀರನ್ನೂ ಕ್ಲೋರಿನ್ ಇಳಿಯುವವರೆಗೆ ಬಿಸಿಲಿಗೆ ಬಿಟ್ಟು, ಕೆರೆಗೆ ಸೇರದಂತೆ ನೋಡಿಕೊಳ್ಳಬೇಕು.

ದೀಕ್ಷಾಸ್ನಾನದ ನೀರಿನಿಂದ ಹೊಸ ಜನ್ಮ ಪಡೆದವರು ನಾವು. ನೀರನ್ನು ಪವಿತ್ರವೆಂದು ದೇವಾಲಯದಲ್ಲಿ ಮಾತ್ರ ಒಪ್ಪಿಕೊಂಡರೆ ಸಾಲದು. ಬರುವ ಬೇಸಿಗೆ ರಜೆಗೆ ಮುನ್ನ, ನಮ್ಮ ಹೊಣೆಯಲ್ಲಿರುವ ಕೊಳ, ತೊಟ್ಟಿ, ಬಾವಿಗಳನ್ನು ಒಮ್ಮೆ ಬಗ್ಗಿ ನೋಡೋಣ. ತಳ ಕಾಣದಿದ್ದರೆ ಕೆಲಸ ಇಂದೇ ಆರಂಭವಾಗಲಿ.