ನಾಯಿಮರಿಯ ಮೂಗನ್ನು ಅದರ ಉಚ್ಚೆಗೇ ಉಜ್ಜಿದರೆ ಬುದ್ಧಿ ಬರುತ್ತದೆಯೇ? ವಾಸ್ತವ ಇಲ್ಲಿದೆ

ಮನೆಗೆ ಹೊಸದಾಗಿ ನಾಯಿಮರಿ ತಂದವರಿಗೆ ಮೊದಲ ವಾರದಲ್ಲೇ ಶುರುವಾಗುವ ತಲೆನೋವು ಇದು: ಹಾಲ್, ಅಡುಗೆಮನೆ, ಮಂಚದ ಕೆಳಗೆ, ಎಲ್ಲೆಂದರಲ್ಲಿ ಉಚ್ಚೆ, ಕಕ್ಕ. ಇದಕ್ಕೆ 'ಒಂದೇ ದಿನದಲ್ಲಿ ಪರಿಹಾರ' ಹೇಳುವ ಸಂದೇಶಗಳು ವಾಟ್ಸಾಪ್ ಗ್ರೂಪ್‌ಗಳಲ್ಲಿ, ರೀಲ್ಸ್‌ಗಳಲ್ಲಿ ಮತ್ತೆ ಮತ್ತೆ ಬರುತ್ತಲೇ ಇರುತ್ತವೆ. ಅವುಗಳಲ್ಲಿ ಎಷ್ಟು ಸತ್ಯವಿದೆ ಎಂದು ನಾವು ಒಂದೊಂದಾಗಿ ನೋಡಿದ್ದೇವೆ.

ಸಂದೇಶಗಳಲ್ಲಿ ಏನಿದೆ?

ಸಾಮಾನ್ಯವಾಗಿ ಕಾಣಸಿಗುವ ಹೇಳಿಕೆಗಳು ನಾಲ್ಕು.

1. ಮರಿಯನ್ನು ಹಿಡಿದು ಮೂಗನ್ನು ಅದರ ಉಚ್ಚೆಗೇ ಉಜ್ಜಿ, ಎರಡೇಟು ಹಾಕಿ. ಮತ್ತೆ ಮಾಡುವುದಿಲ್ಲ.
2. ಬೈದಾಗ ಮರಿ ತಲೆ ತಗ್ಗಿಸುತ್ತದೆ, ಕಿವಿ ಹಿಂದಕ್ಕೆ ಹಾಕುತ್ತದೆ. ಅಂದರೆ ತಪ್ಪು ಮಾಡಿದ್ದು ಅದಕ್ಕೆ ಗೊತ್ತು.
3. ಸಂಜೆಯಿಂದ ನೀರು ಕೊಡಬೇಡಿ. ರಾತ್ರಿ ಮನೆ ಒಣಗಿರುತ್ತದೆ.
4. ಮರಿ ಉಚ್ಚೆ ಮಾಡುವ ಮೂಲೆಗೆ ಫಿನಾಯಿಲ್ ಹಾಕಿ, ನುಸಿಗುಳಿಗೆ ಇಡಿ ಅಥವಾ ನೀಲಿ ನೀರಿನ ಬಾಟಲಿ ಇಡಿ. ಆ ಕಡೆ ಬರುವುದಿಲ್ಲ.

ನಾಲ್ಕೂ ತಪ್ಪು. ಕೆಲವು ಅಪಾಯಕಾರಿ ಕೂಡ. ಅದು ಏಕೆ ಎಂದು ತಿಳಿಯಲು ಮೊದಲು ಮರಿಯ ದೇಹ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕು.

ಮರಿ ಬೇಕೆಂದೇ ಮಾಡುತ್ತದೆಯೇ?

ಇಲ್ಲ. ಹುಟ್ಟಿದ ಮೊದಲ ಎರಡು ಮೂರು ವಾರ ನಾಯಿಮರಿಗೆ ತಾನಾಗಿ ಉಚ್ಚೆ ಮಾಡಲು ಸಹ ಬರುವುದಿಲ್ಲ. ತಾಯಿ ಹೊಟ್ಟೆಯ ಕೆಳಭಾಗವನ್ನು ನೆಕ್ಕಿದಾಗ ಮಾತ್ರ ಉಚ್ಚೆ, ಕಕ್ಕ ಆಗುತ್ತದೆ. ತಾಯಿಯೇ ಅದನ್ನು ನೆಕ್ಕಿ ಗೂಡನ್ನು ಚೊಕ್ಕಟವಾಗಿ ಇಟ್ಟುಕೊಳ್ಳುತ್ತದೆ. ಸುಮಾರು ಮೂರು ವಾರ ದಾಟಿದ ಮೇಲೆ ಮರಿಗಳು ಮಲಗುವ ಜಾಗದಿಂದ ನಾಲ್ಕು ಹೆಜ್ಜೆ ಆಚೆ ಹೋಗಿ ಮಾಡಲು ಕಲಿಯುತ್ತವೆ. ಎಂಟು ಒಂಬತ್ತು ವಾರದ ಹೊತ್ತಿಗೆ ಕಾಲಡಿ ಮಣ್ಣೋ, ಹುಲ್ಲೋ, ಟೈಲ್ಸೋ ಎಂಬುದರ ಮೇಲೆ 'ನನ್ನ ಜಾಗ ಇದು' ಎಂಬ ಅಭ್ಯಾಸ ಗಟ್ಟಿಯಾಗುತ್ತದೆ.

ಆದರೆ ತಡೆದುಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಪಶುವೈದ್ಯರು ಹೇಳುವ ಒಂದು ಅಂದಾಜು ಲೆಕ್ಕವಿದೆ: ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ, ಗರಿಷ್ಠ ಅಷ್ಟು ಗಂಟೆ ತಡೆಯಬಲ್ಲದು. ಎರಡು ತಿಂಗಳ ಮರಿಗೆ ಹೆಚ್ಚೆಂದರೆ ಮೂರು ಗಂಟೆ, ಅದೂ ಮಲಗಿದ್ದಾಗ. ಎಚ್ಚರವಿದ್ದು ಕುಣಿಯುತ್ತಿದ್ದರೆ ಅರ್ಧ ಗಂಟೆಗೇ ಬರಬಹುದು. ಆರು ತಿಂಗಳ ಮಗು ಚಾಪೆ ಒದ್ದೆ ಮಾಡಿದರೆ ನಾವು ಅದಕ್ಕೆ ಹೊಡೆಯುವುದಿಲ್ಲ. ಮರಿಯದ್ದೂ ಅದೇ ಸ್ಥಿತಿ.

'ತಪ್ಪು ಮಾಡಿದ ಮುಖ' ನಿಜವೇ?

ಇದನ್ನು ಪರೀಕ್ಷಿಸಿದ ಅಧ್ಯಯನವೇ ಇದೆ. ನ್ಯೂಯಾರ್ಕ್‌ನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ 14 ಸಾಕುನಾಯಿಗಳ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಮಾಲೀಕರು ತಿಂಡಿಯನ್ನು 'ಮುಟ್ಟಬೇಡ' ಎಂದು ಹೇಳಿ ಕೋಣೆಯಿಂದ ಹೊರಗೆ ಹೋಗುತ್ತಿದ್ದರು. ವಾಪಸು ಬಂದಾಗ ಕೆಲವರಿಗೆ ನಾಯಿ ತಿಂಡಿ ತಿಂದಿದೆ ಎಂದು ಸುಳ್ಳು ಹೇಳಲಾಗುತ್ತಿತ್ತು. ಫಲಿತಾಂಶ ಏನು ಗೊತ್ತೇ? ನಾಯಿ ನಿಜವಾಗಿ ತಿಂದಿದೆಯೋ ಇಲ್ಲವೋ ಎಂಬುದಕ್ಕೂ ಆ 'ತಪ್ಪಿತಸ್ಥ ಮುಖ'ಕ್ಕೂ ಸಂಬಂಧವೇ ಇರಲಿಲ್ಲ. ಮಾಲೀಕರು ಬೈದಾಗ ಆ ಮುಖ ಹೆಚ್ಚಾಗಿ ಕಾಣುತ್ತಿತ್ತು. ಏನೂ ತಪ್ಪು ಮಾಡದೆ ಬೈಸಿಕೊಂಡ ನಾಯಿಗಳಲ್ಲೇ ಅದು ಹೆಚ್ಚು ಎದ್ದು ಕಂಡಿತು.

ಅಂದರೆ ತಲೆ ತಗ್ಗಿಸುವುದು ಪಶ್ಚಾತ್ತಾಪವಲ್ಲ. 'ನಿಮ್ಮ ಧ್ವನಿ ಕೇಳಿ ಭಯವಾಗುತ್ತಿದೆ' ಎನ್ನುವ ಸೂಚನೆ ಅದು.

ಹಾಗಾದರೆ ಮೂಗು ಉಜ್ಜಿದರೆ ಮರಿ ಏನು ಕಲಿಯುತ್ತದೆ?

ನಾಯಿಮರಿ ಒಂದು ಕೆಲಸಕ್ಕೂ ಅದರ ಫಲಕ್ಕೂ ನಂಟು ಕಟ್ಟುವುದು ಒಂದೆರಡು ಸೆಕೆಂಡುಗಳೊಳಗೆ. ಅದು ಉಚ್ಚೆ ಮಾಡಿ ಹತ್ತು ನಿಮಿಷವಾದ ಮೇಲೆ ನೀವು ಎಳೆದು ತಂದು ಹೊಡೆದರೆ, ಯಾವ ಕೆಲಸಕ್ಕೆ ಈ ಪೆಟ್ಟು ಎಂದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ. 'ನೆಲದ ಮೇಲೆ ಒದ್ದೆ ಇದ್ದು, ಮನುಷ್ಯ ಬಂದರೆ ಪೆಟ್ಟು ಬೀಳುತ್ತದೆ' ಎಂಬುದಷ್ಟೇ ತಲೆಗೆ ಹೋಗುತ್ತದೆ. ಹೀಗಾಗಿ ಪೆಟ್ಟು ತಿಂದ ಮರಿ ಸೋಫಾ ಹಿಂದೆ, ಮಂಚದ ಕೆಳಗೆ ಕದ್ದು ಮಾಡಲು ಶುರುಮಾಡುತ್ತದೆ. ಹೊರಗೆ ಕರೆದೊಯ್ದಾಗಲೂ ನಿಮ್ಮ ಎದುರಿಗೆ ಮಾಡಲು ಹೆದರಿ, ಮನೆಯೊಳಗೆ ಬಂದ ಮೇಲೆ ಮೂಲೆ ಹುಡುಕುತ್ತದೆ. 'ಹಟಮಾರಿ ಮರಿ' ಎಂದು ಜನ ಬೈಯುವುದು ಬಹಳ ಸಲ ಹೀಗೆ ಹೆದರಿದ ಮರಿಯನ್ನೇ.

ಇನ್ನೊಂದು ಅಪಾಯವೂ ಇದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ವರ್ತನೆಯ ತೊಂದರೆಗೆಂದು ಚಿಕಿತ್ಸೆಗೆ ಬಂದ ನಾಯಿಗಳ ಮಾಲೀಕರನ್ನು ಪ್ರಶ್ನಿಸಿ 2009ರಲ್ಲಿ ವರದಿ ಪ್ರಕಟಿಸಿದರು. ಹೊಡೆದ ಅಥವಾ ಒದ್ದ ಪ್ರಕರಣಗಳಲ್ಲಿ ಶೇ 43ರಷ್ಟು ನಾಯಿಗಳು ಗುರ್ರೆನ್ನುವುದು, ಕಚ್ಚಲು ಬರುವುದು ಮುಂತಾದ ಆಕ್ರಮಣಕಾರಿ ಪ್ರತಿಕ್ರಿಯೆ ತೋರಿದ್ದವು. ಇವು ಮೊದಲೇ ಸಮಸ್ಯೆಯಿದ್ದ ನಾಯಿಗಳು, ಎಲ್ಲ ನಾಯಿಗಳ ಲೆಕ್ಕವಲ್ಲ. ಆದರೂ ಮುಖದ ಹತ್ತಿರ ಕೈ ತಂದು ಒತ್ತಿ ಹಿಡಿದರೆ ಮರಿ ಕಚ್ಚುವ ಸಾಧ್ಯತೆ ಹೆಚ್ಚು ಎಂಬುದು ಸ್ಪಷ್ಟ. ದೊಡ್ಡವರನ್ನು ನೋಡಿ ಮಕ್ಕಳೂ ಹಾಗೇ ಮಾಡಲು ಹೋಗುತ್ತಾರೆ.

'ಮರಿ ಚಿಕ್ಕದು, ಅದರ ಹಲ್ಲು ತಾಗಿದರೆ ಏನೂ ಆಗಲ್ಲ' ಎನ್ನುವುದೂ ಸುಳ್ಳು. ರೇಬೀಸ್ ಎಳೆಯ ಮರಿಗೂ ಬರಬಹುದು, ಮರಿಯಿಂದ ಮನುಷ್ಯರಿಗೂ ಹರಡಬಹುದು. ಮರಿಗೆ ರೇಬೀಸ್ ಲಸಿಕೆ ಹಾಕುವುದೇ ಸಾಮಾನ್ಯವಾಗಿ ಮೂರು ತಿಂಗಳಾದ ಮೇಲೆ. ಹಲ್ಲು ಅಥವಾ ಉಗುರು ತಾಗಿ ಗಾಯವಾದರೆ, ಚಿಕ್ಕ ಗೀರಾದರೂ ಸರಿ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ.

ನೀರು ನಿಲ್ಲಿಸಬಹುದೇ?

ಬೇಡ. ಎಳೆಯ ಮರಿಯ ದೇಹದಲ್ಲಿ ನೀರಿನಂಶ ಬೇಗ ಕಡಿಮೆಯಾಗುತ್ತದೆ, ನಮ್ಮ ಬೇಸಿಗೆಯಲ್ಲಂತೂ ಇನ್ನೂ ಬೇಗ. ಭೇದಿಯೂ ಇದ್ದರೆ ಜೀವಕ್ಕೇ ಕುತ್ತು. ರಾತ್ರಿ ಊಟವನ್ನು ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲೇ ಮುಗಿಸಿ, ನೀರು ಇಡಿ, ಮಲಗುವ ಮುನ್ನ ಒಮ್ಮೆ ಹೊರಗೆ ಕರೆದೊಯ್ಯಿರಿ. ಎರಡು ತಿಂಗಳ ಮರಿಗಾಗಿ ನಡುರಾತ್ರಿ ಒಂದೆರಡು ಸಲ ಏಳಬೇಕಾಗುತ್ತದೆ. ಮೂರು ನಾಲ್ಕು ತಿಂಗಳಾದಂತೆ ಅದು ತಪ್ಪುತ್ತದೆ.

ಹಾಲಿನ ಬಗ್ಗೆಯೂ ಒಂದು ಮಾತು. ತಾಯಿಯ ಹಾಲಿಗಿಂತ ಹಸುವಿನ ಹಾಲಿನಲ್ಲಿ ಲ್ಯಾಕ್ಟೋಸ್ ಹೆಚ್ಚು. ಅನೇಕ ಮರಿಗಳಿಗೆ ಅದು ಅರಗದೆ ಭೇದಿಯಾಗುತ್ತದೆ. ದಿನವಿಡೀ ಹಾಲು ಅನ್ನ ತಿನ್ನಿಸಿ, 'ಎಷ್ಟು ಹೇಳಿದರೂ ಕಲಿಯಲ್ಲ' ಎಂದು ಹೊಡೆದರೆ ಅದು ಏನು ಮಾಡೀತು?

ಫಿನಾಯಿಲ್, ನುಸಿಗುಳಿಗೆ, ನೀಲಿ ಬಾಟಲಿ?

ನುಸಿಗುಳಿಗೆಯಲ್ಲಿರುವ ನ್ಯಾಫ್ತಲೀನ್ ನಾಯಿಗೆ ವಿಷ. ಮರಿಗಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತವೆ ಎಂಬುದು ನೆನಪಿರಲಿ. ಫಿನಾಯಿಲ್ ಕೂಡ ಅಪಾಯ: ಒದ್ದೆ ನೆಲದಲ್ಲಿ ಓಡಾಡಿ ಪಾದ ನೆಕ್ಕಿದರೆ ಅದು ಹೊಟ್ಟೆಗೆ ಹೋಗುತ್ತದೆ. ಅದರ ಗಾಟು ನಮ್ಮ ಮೂಗಿಗೆ ಉಚ್ಚೆಯ ವಾಸನೆಯನ್ನು ಮುಚ್ಚಬಹುದು, ನಾಯಿಯ ಮೂಗಿಗಲ್ಲ. ಹಳೆಯ ವಾಸನೆ ಉಳಿದ ಜಾಗಕ್ಕೇ ಮರಿ ಮತ್ತೆ ಹೋಗುತ್ತದೆ.

ಬೆಂಗಳೂರು, ಮೈಸೂರಿನ ಮನೆಗಳ ಗೇಟಿನಲ್ಲಿ ಬೀದಿನಾಯಿ ಬರದಿರಲಿ ಎಂದು ತೂಗುಹಾಕುವ ನೀಲಿ ನೀರಿನ ಬಾಟಲಿಯನ್ನು ಎಲ್ಲರೂ ನೋಡಿರುತ್ತೀರಿ. ನಾಯಿಗಳಿಗೆ ನೀಲಿ ಬಣ್ಣ ಕಾಣುತ್ತದೆ, ಅಷ್ಟು ನಿಜ. ಆದರೆ ಅದನ್ನು ಕಂಡು ಹೆದರುತ್ತವೆ ಎನ್ನುವುದಕ್ಕೆ ಆಧಾರವಿಲ್ಲ.

ಸ್ವಚ್ಛ ಮಾಡುವುದು ಹೀಗೆ: ಮೊದಲು ಹಳೆಯ ಬಟ್ಟೆಯಿಂದ ಒತ್ತಿ ತೆಗೆಯಿರಿ, ಸೋಪು ನೀರಿನಿಂದ ಒರೆಸಿ, ಒಣಗಿಸಿ. ಹಾಸಿಗೆ, ಸೋಫಾಗೆ ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುವ ಎನ್ಜೈಮ್ ಕ್ಲೀನರ್ ಒಳ್ಳೆಯದು. ಉಚ್ಚೆಯ ಮೇಲೆ ನೇರವಾಗಿ ಬ್ಲೀಚ್ ಸುರಿಯಬೇಡಿ, ಉಸಿರಿಗೆ ಕೆಡುಕಾದ ಗಾಳಿ ಹೊರಡುತ್ತದೆ. ಕಕ್ಕವನ್ನು ಕೂಡಲೇ ತೆಗೆದು ಕೈ ತೊಳೆಯಿರಿ. ಮರಿಗಳ ಹೊಟ್ಟೆಹುಳುವಿನ ಮೊಟ್ಟೆ ಮಕ್ಕಳ ಬಾಯಿಗೆ ಸೇರಬಾರದು. ಜಂತುಹುಳುವಿನ ಔಷಧಿಯನ್ನು ಪಶುವೈದ್ಯರು ಹೇಳಿದಂತೆ ಕೊಡಿಸಿ.

ಸರಿಯಾದ ದಾರಿ ಯಾವುದು?

ಅಮೆರಿಕದ ಪಶುವೈದ್ಯರ ವರ್ತನಾ ಸಂಘಟನೆಯಾದ ಎವಿಎಸ್‌ಎಬಿ 2021ರಲ್ಲಿ ನಾಯಿಗಳ ಎಲ್ಲ ತರಬೇತಿಗೂ ಬಹುಮಾನ ಆಧಾರಿತ ಕ್ರಮವನ್ನೇ ಶಿಫಾರಸು ಮಾಡಿದೆ. ಮನೆಯಲ್ಲಿ ಅದನ್ನು ಹೀಗೆ ಮಾಡಬಹುದು.

• ಸಮಯ: ನಿದ್ದೆಯಿಂದ ಎದ್ದ ಕೂಡಲೇ, ಊಟವಾದ 5ರಿಂದ 30 ನಿಮಿಷದೊಳಗೆ, ಆಟ ಮುಗಿದೊಡನೆ, ಮಲಗುವ ಮುನ್ನ ಕರೆದೊಯ್ಯಿರಿ. ಉಳಿದಂತೆ ಎಚ್ಚರವಿದ್ದಾಗ ಗಂಟೆಗೊಮ್ಮೆ. ಊಟ ದಿನವೂ ಅದೇ ಹೊತ್ತಿಗೆ ಕೊಟ್ಟರೆ ಕಕ್ಕವೂ ಅದೇ ಹೊತ್ತಿಗೆ ಬರುತ್ತದೆ.

• ಜಾಗ: ಪ್ರತಿ ಸಲವೂ ಅದೇ ಜಾಗ. ಮರಿ ಮಾಡುವಾಗ 'ಸೂಸು' ಎಂದೋ ಬೇರೆ ಏನೋ ಒಂದೇ ಪದ ಹೇಳಿ. ಮನೆಯವರೆಲ್ಲ ಅದೇ ಪದ ಬಳಸಲಿ.

• ಬಹುಮಾನ: ಮುಗಿಸಿದ ಕ್ಷಣದಲ್ಲೇ, ಅಲ್ಲೇ ನಿಂತು 'ಜಾಣ ಮರಿ' ಎಂದು ಒಂದು ಚೂರು ತಿಂಡಿ ಕೊಡಿ. ಮನೆಯೊಳಗೆ ಬಂದ ಮೇಲೆ ಕೊಟ್ಟರೆ ಅದು ಒಳಗೆ ಬಂದದ್ದಕ್ಕೆ ಸಿಕ್ಕ ಬಹುಮಾನವಾಗುತ್ತದೆ.

• ಕಣ್ಣು: ನೆಲ ಮೂಸುತ್ತಾ ಸುತ್ತುವುದು, ಆಟ ಬಿಟ್ಟು ಮೂಲೆಗೆ ಹೋಗುವುದು ಸೂಚನೆ. ಕಣ್ಣಿಡಲು ಆಗದಾಗ ಮರಿಯನ್ನು ಒಂದೇ ಕೋಣೆಯಲ್ಲಿ ಇರಿಸಿ.

• ಒಳಗೆ ಮಾಡುವುದನ್ನು ಕಂಡರೆ: ಕಿರುಚಬೇಡಿ. ಮೆಲ್ಲಗೆ ಚಪ್ಪಾಳೆ ತಟ್ಟಿ ಗಮನ ಸೆಳೆದು ಎತ್ತಿಕೊಂಡು ಹೋಗಿ. ಮಾಡಿ ಮುಗಿದಿದ್ದರೆ ಸುಮ್ಮನೆ ಒರೆಸಿ.

ಲಸಿಕೆ ಮುಗಿಯುವ ತನಕ ಹೊರಗೆ ಬಿಡಬಾರದಲ್ಲವೇ?

ಇಲ್ಲಿ ಅನೇಕರು ಗೊಂದಲಕ್ಕೆ ಬೀಳುತ್ತಾರೆ. ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಮರಿಗಳನ್ನು ಕೊಲ್ಲುತ್ತದೆ. ಲಸಿಕೆ 6ರಿಂದ 8 ವಾರಕ್ಕೆ ಶುರುವಾಗಿ ಸುಮಾರು 16 ವಾರದವರೆಗೆ ಕಂತುಗಳಲ್ಲಿ ನಡೆಯುತ್ತದೆ. ಅಲ್ಲಿಯವರೆಗೆ ಬೇರೆ ನಾಯಿಗಳು ಓಡಾಡುವ ಬೀದಿ, ಪಾರ್ಕಿನಲ್ಲಿ ನೆಲಕ್ಕೆ ಬಿಡಬೇಡಿ. ನಿಮ್ಮದೇ ಕಾಂಪೌಂಡ್, ತಾರಸಿಯ ಮೂಲೆ ಸಾಕು. ಅಪಾರ್ಟ್‌ಮೆಂಟ್‌ನಲ್ಲಿ ಇದ್ದರೆ ಬಾಲ್ಕನಿಯಲ್ಲಿ ಹಳೆಯ ಪೇಪರ್ ಹಾಸಿದ ಟ್ರೇ ಅಥವಾ ಹುಲ್ಲು ಬೆಳೆಸಿದ ಟ್ರೇ ಇಡಿ. ಲಸಿಕೆ ಮುಗಿದ ಮೇಲೆ ಅದನ್ನು ಸ್ವಲ್ಪ ಸ್ವಲ್ಪವಾಗಿ ಹೊರಗಿನ ಜಾಗಕ್ಕೆ ಬದಲಿಸಬಹುದು.

ಎಂಟು ವಾರವೂ ಆಗದ ಮರಿಯಾದರೆ?

ಸಾಧ್ಯವಿದ್ದರೆ ತಾಯಿಯ ಬಳಿಯೇ ಬಿಡಿ. ಎಂಟು ವಾರದೊಳಗಿನ ಮರಿಯನ್ನು ಬ್ರೀಡರ್‌ಗಳು ಮಾರುವಂತಿಲ್ಲ ಎಂದು ಕೇಂದ್ರ ಸರ್ಕಾರದ 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳು ಹೇಳುತ್ತವೆ. ತಾಯಿ ಸತ್ತ ಬೀದಿಮರಿಯನ್ನು ತಂದಿದ್ದರೆ, ಮೂರು ವಾರದೊಳಗಿನದಕ್ಕೆ ಪ್ರತಿ ಸಲ ಹಾಲು ಕುಡಿಸಿದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿ ಉಚ್ಚೆ ಮಾಡಿಸಬೇಕು. ತಾಯಿಯ ನಾಲಿಗೆ ಮಾಡುತ್ತಿದ್ದ ಕೆಲಸ ಅದು. ಈ ವಯಸ್ಸಿಗೆ ತರಬೇತಿಯ ಮಾತೇ ಬೇಡ.

ಬಹುತೇಕ ಮರಿಗಳು ನಾಲ್ಕರಿಂದ ಆರು ತಿಂಗಳ ವಯಸ್ಸಿಗೆ ಸರಿಹೋಗುತ್ತವೆ. ಕೆಲವಕ್ಕೆ ವರ್ಷವೂ ಹಿಡಿಯುತ್ತದೆ. ಕಲಿತ ಮರಿ ದಿಢೀರನೆ ಮತ್ತೆ ಒಳಗೆ ಮಾಡಲು ಶುರುಮಾಡಿದರೆ, ಪದೇ ಪದೇ ತೊಟ್ಟು ತೊಟ್ಟು ಮಾಡಿದರೆ, ರಕ್ತ ಕಂಡರೆ ಮೂತ್ರದ ಸೋಂಕಿರಬಹುದು. ವಾಂತಿ, ರಕ್ತಭೇದಿ, ಸುಸ್ತು ಕಂಡರೆ ಅದೇ ದಿನ ಪಶುವೈದ್ಯರ ಬಳಿ ಹೋಗಿ.

ಒಟ್ಟಿನಲ್ಲಿ

ಮೂಗು ಉಜ್ಜಿದರೆ ನಾಯಿಮರಿ ಶುಚಿತ್ವ ಕಲಿಯುತ್ತದೆ ಎಂಬ ಹೇಳಿಕೆ ತಪ್ಪು. ಅದರಿಂದ ಮರಿ ಕಲಿಯುವುದು ಭಯ ಮತ್ತು ಕದ್ದು ಮಾಡುವುದು. 'ಕಲಿಯಲೇ ಇಲ್ಲ' ಎಂಬ ಒಂದೇ ಕಾರಣಕ್ಕೆ ಬೀದಿ ಪಾಲಾಗುವ ಮರಿಗಳಿವೆ. ಆ ಫಾರ್ವರ್ಡ್ ನಿಮ್ಮ ಗ್ರೂಪಿಗೆ ಬಂದರೆ ಮುಂದೆ ಕಳಿಸಬೇಡಿ. ಬದಲಿಗೆ ಇಷ್ಟು ಬರೆಯಿರಿ: ಹೊತ್ತಿಗೆ ಸರಿಯಾಗಿ ಹೊರಗೆ ಕರೆದೊಯ್ಯಿ, ಮಾಡಿದ ಕೂಡಲೇ ಒಂದು ಚೂರು ತಿಂಡಿ ಕೊಡಿ, ಒಳಗೆ ಮಾಡಿದರೆ ಸುಮ್ಮನೆ ಒರೆಸಿ.