ಪಡಸಾಲೆಯ ಹತ್ತಿಗೆ ವಿಮೆ ಇದೆಯೇ?

ಹತ್ತಿ ಬಿಡಿಸುವ ದಿನಗಳಲ್ಲಿ ಯಾದಗಿರಿ ಜಿಲ್ಲೆಯ ಕೊಂಕಲ್ ಸೀಮೆಯ ಮನೆಗಳಲ್ಲಿ ಕಾಲಿಡಲು ಜಾಗ ಸಿಗುವುದು ಕಷ್ಟ. ಪಡಸಾಲೆಯಲ್ಲಿ ಬಿಳಿ ರಾಶಿ ಜಂತಿಯ ಸಮೀಪದವರೆಗೂ ಏರಿರುತ್ತದೆ. ದರ ಏರಲೆಂದು ವಾರಗಟ್ಟಲೆ ಕಾಯುತ್ತಾರೆ. ಅದೇ ಪಡಸಾಲೆಯಲ್ಲಿ ದೇವರ ದೀಪ, ಅದೇ ಗೋಡೆಯ ಮೇಲೆ ಹಳೆಯ ಕರೆಂಟಿನ ತಂತಿ. ‘ಮನಿಗೆ ಇನ್ಶೂರೆನ್ಸ್ ಐತ್ರಿ’ ಎಂದು ಯಾರಾದರೂ ಹೇಳಿದರೂ ನನ್ನ ಆತಂಕ ತಗ್ಗುವುದಿಲ್ಲ. ಮನೆಗೆ ಇದೆ, ಹತ್ತಿಗೆ?

2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿ ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪದಂಥ ಹಾನಿಗೆ ಆಸರೆ. ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಸಾಮಾನಿಗೂ ರಕ್ಷಣೆ ತಾನಾಗಿ ಸೇರಿರುತ್ತದೆ. ಒಡವೆಗೆ ಬೇರೆಯಾಗಿ ಬರೆಸಬೇಕು. ಮಾರಲು ಕೂಡಿಟ್ಟ ಸರಕು ಮನೆಬಳಕೆಯ ಸಾಮಾನಲ್ಲ.

ಹಾಗಾದರೆ ಬೆಳೆ ವಿಮೆ? ಅದರ ಲೆಕ್ಕ ಹೊಲದ್ದು. ಕೊಯ್ದು ಹೊಲದಲ್ಲೇ ಒಣಗಲು ಹರವಿದ ಬೆಳೆಗೆ, ನಿಗದಿತ ಹಾನಿಗಳಿಗೆ ಮಾತ್ರ, 14 ದಿನ ರಕ್ಷಣೆ ಉಂಟು. ಮನೆಯ ಹೊಸ್ತಿಲು ದಾಟಿದ ಫಸಲಿಗೆ ಅದು ಅನ್ವಯಿಸದು. ಹೊಲದ ವಿಮೆಗೂ ಮನೆಯ ವಿಮೆಗೂ ನಡುವಿನ ಈ ಖಾಲಿ ಜಾಗದಲ್ಲೇ ನಮ್ಮ ರೈತರ ವರ್ಷದ ದುಡಿಮೆ ಬಿದ್ದಿರುತ್ತದೆ.

ಅಂಗಡಿಯವರ ಪಾಡು ಬೇರೆ. ಸಾಲ ಕೊಟ್ಟ ಬ್ಯಾಂಕು ವರ್ಷವರ್ಷವೂ ಖಾತೆಯಿಂದ ಪ್ರೀಮಿಯಂ ಮುರಿದುಕೊಳ್ಳುತ್ತದೆ, ಪಾಲಿಸಿ ಬ್ಯಾಂಕಿನಲ್ಲೇ ಉಳಿಯುತ್ತದೆ. ಅದರಲ್ಲಿ ಬರೆದ ವಿಳಾಸ ಒಂದು, ಗೊಬ್ಬರದ ಚೀಲಗಳಿರುವ ಗೋದಾಮು ಇನ್ನೊಂದು. ಬರೆಸದ ಜಾಗದಲ್ಲಿ ಸುಟ್ಟ ಸರಕಿಗೆ ಹಣ ಸಿಗುವುದು ಕಷ್ಟ. ಒಂದು ಜಾಗದ ಒಟ್ಟು ಆಸ್ತಿ 5 ಕೋಟಿ ರೂಪಾಯಿಯೊಳಗಿದ್ದರೆ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ ಎಂಬ ಪಾಲಿಸಿ ಇದೆ. ಕಳ್ಳರು ಅಂಗಡಿಗೆ ಕನ್ನ ಹಾಕುವ ಅಪಾಯಕ್ಕೆ ಮಾತ್ರ ಬೇರೆಯೇ ವಿಮೆ ಬೇಕು. ಹಿಟ್ಟಿನ ಗಿರಣಿಯವರು ಇನ್ನೊಂದು ನೋಡಿಕೊಳ್ಳಬೇಕು: ವೋಲ್ಟೇಜ್ ಏರಿಳಿದು ಮೋಟರು ಸುಟ್ಟರೆ ಬೆಂಕಿ ವಿಮೆ ಆ ಮೋಟರಿಗೆ ಹಣ ಕೊಡುವುದಿಲ್ಲ. ಅದರಿಂದ ಹಬ್ಬಿದ ಬೆಂಕಿ ಉಳಿದದ್ದನ್ನು ಸುಟ್ಟರಷ್ಟೇ ಕೊಡುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಮಣ್ಣಿನ ಮಾಳಿಗೆಗಳು. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದಾಗ ಯಾದಗಿರಿ ಜಿಲ್ಲೆಯ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತು. ಅದನ್ನು ಯಾರೂ ನೆರೆ ಅಲ್ಲ ಎನ್ನಲಾರರು. ಆದರೆ ಹೊಳೆಯಿಂದ ದೂರದ ಊರಲ್ಲಿ ಜಿಟಿಜಿಟಿ ಮಳೆ ನಾಲ್ಕು ದಿನ ಹಿಡಿದು, ಮೇಲ್ಮುದ್ದಿ ನೆನೆದು ಭಾರವಾಗಿ, ಜಂತಿ ಮುರಿದು ಮಾಳಿಗೆ ಕುಸಿದರೆ? ಅದು ನೆರೆಯೇ, ಹಳೆಯ ಕಟ್ಟಡದ ಸವಕಳಿಯೇ ಎಂಬ ವಾದ ಅಲ್ಲೇ ಹುಟ್ಟುತ್ತದೆ. ಗೋಡೆ ಮಣ್ಣಿನದು, ಮಾಳಿಗೆ ಮಣ್ಣಿನದು ಎಂದು ಅರ್ಜಿಯಲ್ಲೇ ಬರೆಸಿ. ಮಳೆಗೆ ಕುಸಿದರೆ ಹಣ ಬರುತ್ತದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಏಜೆಂಟರ ಬಾಯಿಮಾತು ಕ್ಲೇಮಿನ ಹೊತ್ತಿಗೆ ನಿಲ್ಲುವುದಿಲ್ಲ.

ಕಂಪನಿ ತಕರಾರು ತೆಗೆದರೆ ಮೊದಲು ಅಲ್ಲೇ ಲಿಖಿತ ದೂರು ಕೊಡಬೇಕು. ತಿಂಗಳಾದರೂ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. ಅಲ್ಲಿ 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ಕೇಳುತ್ತಾರೆ, ಶುಲ್ಕವಿಲ್ಲ. ದೂರಿನ ಜೊತೆ ಪಾಲಿಸಿಯ ಪ್ರತಿ ಬೇಕಾಗುತ್ತದೆ. ನಿಮ್ಮದು ಬ್ಯಾಂಕಿನಲ್ಲೇ ಇದ್ದರೆ ಸೋಮವಾರ ಹೋಗಿ ಒಂದು ಝೆರಾಕ್ಸ್ ತನ್ನಿ. ಮನೆಯಲ್ಲಿ ಓದಬಲ್ಲ ಮಗಳೋ ಮಗನೋ ಇದ್ದರೆ, ಹತ್ತಿಯ ರಾಶಿಯ ಪಕ್ಕದಲ್ಲೇ ಕೂರಿಸಿಕೊಂಡು ಗಟ್ಟಿಯಾಗಿ ಓದಿಸಿ.