ಲೇಖನಿ ಮತ್ತು ಶಾಯಿ: ಸಂಗ್ರಹದ ಸುಖ, ಸಂಗ್ರಹದ ಮೋಹ

ಕೂಡಿಡುವ ಆಸೆ ಮನುಷ್ಯನಿಗೆ ಬಾಲ್ಯದಿಂದಲೇ ಬಂದದ್ದು. ಹುಣಿಸೆಬೀಜ, ಬಣ್ಣದ ಕಲ್ಲು, ಬೆಂಕಿಪೆಟ್ಟಿಗೆಯ ಚಿತ್ರ, ಅಂಚೆಚೀಟಿ, ಹಳೆಯ ನಾಣ್ಯ: ವಯಸ್ಸಿಗೆ ತಕ್ಕಂತೆ ವಸ್ತು ಬದಲಾಗುತ್ತದೆಯೇ ಹೊರತು ಹಂಬಲ ಬದಲಾಗುವುದಿಲ್ಲ. ಫೌಂಟನ್ ಪೆನ್ನುಗಳನ್ನೂ ಅವುಗಳಿಗೆ ತುಂಬುವ ಶಾಯಿಗಳನ್ನೂ ಸಂಗ್ರಹಿಸುವುದು ಇಂಥ ಹವ್ಯಾಸಗಳಲ್ಲೊಂದು. ಬಾಲ್‌ಪೆನ್ನು ಬಂದು ದಶಕಗಳೇ ಕಳೆದವು. ಗಾಜಿನ ಮೇಲೆ ಬೆರಳಾಡಿಸಿ ಬರೆಯುವ ಕಾಲವೂ ಬಂದಿತು. ಆದರೂ ಈ ಹವ್ಯಾಸ ಸತ್ತಿಲ್ಲ. ಸಂಗ್ರಹವು ಜ್ಞಾನದ ಬಾಗಿಲಾಗಬಲ್ಲದು. ಬರಿಯ ಮೋಹವಾಗಿಯೂ ಉಳಿಯಬಲ್ಲದು. ಇವೆರಡರ ನಡುವಣ ಗೆರೆ ಎಲ್ಲಿದೆ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ರಾಯಚೂರು ಜಿಲ್ಲೆಯ ಬಾಗಲವಾಡದಂಥ ಊರಿನಲ್ಲಿ ಈ ಹವ್ಯಾಸಕ್ಕೆ ಎಡೆಯೆಲ್ಲಿ ಎಂದು ಯಾರಾದರೂ ಕೇಳಬಹುದು. ನಮ್ಮ ಉತ್ತರವಿಷ್ಟೆ: ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಹೊಲದ ಕಾಗದಪತ್ರಗಳೊಡನೆ ಒಂದಾದರೂ ಪೆನ್ನು ಮಲಗಿರುವುದುಂಟು. ದೌತಿ, ಟಾಕುಗಳನ್ನು ಬಿಟ್ಟು ಜೇಬಿನ ಪೆನ್ನಿಗೆ ಬಂದ ತಲೆಮಾರಿನದು ಅದು. 1956ರವರೆಗೆ ರಾಯಚೂರು ಹೈದರಾಬಾದು ರಾಜ್ಯಕ್ಕೆ ಸೇರಿತ್ತು. ಆ ರಾಜಧಾನಿಯಲ್ಲಿ 1928ರಷ್ಟು ಹಿಂದೆಯೇ ಡೆಕ್ಕನ್ ಪೆನ್ ಸ್ಟೋರ್ಸ್ ಎಂಬ, ಪೆನ್ನುಗಳಿಗೇ ಮೀಸಲಾದ ಅಂಗಡಿ ತೆರೆದಿತ್ತು. ಪೂರ್ವಕ್ಕೆ ಗೋದಾವರಿಯ ದಡದ ರಾಜಮಹೇಂದ್ರಿಯಲ್ಲಿ ರತ್ನಂ ಎಂಬ ಕುಶಲಿಗರು ಎಬೊನೈಟನ್ನು ಕಡೆದು ಸ್ವದೇಶಿ ಪೆನ್ನು ಮಾಡಿದರು. ಅದಕ್ಕಾಗಿ ಗಾಂಧೀಜಿಯವರು 1935ರಲ್ಲಿ ಅವರಿಗೆ ವಂದನೆಯ ಪತ್ರ ಬರೆದರು. ಆದ್ದರಿಂದ ಈ ಹವ್ಯಾಸ ದೂರದ ಶ್ರೀಮಂತ ನಗರಗಳ ಸೊತ್ತೇನೂ ಅಲ್ಲ.

ಶಾಯಿ ಏಕೆ ಸುರಿದುಹೋಗುವುದಿಲ್ಲ?

ಪೆನ್ನನ್ನು ಕೈಗೆತ್ತಿಕೊಂಡ ವಿದ್ಯಾರ್ಥಿಯು ಮೊದಲು ಕೇಳಬೇಕಾದ ಪ್ರಶ್ನೆ ಇದು. ಮೊನೆ ಕೆಳಗಿದೆ, ಶಾಯಿ ಮೇಲಿದೆ. ಆದರೂ ಕಾಗದವನ್ನು ಮುಟ್ಟಿದಾಗ ಮಾತ್ರ ಅದು ಇಳಿಯುತ್ತದೆ.

ನಿಬ್ಬಿನ ನಡುವಿನ ಸೀಳು ಕೂದಲೆಳೆಯಷ್ಟು ಸಣ್ಣದು. ಅಷ್ಟು ಕಿರಿದಾದ ಎಡೆಯಲ್ಲಿ ದ್ರವವು ಗೋಡೆಗಳಿಗೆ ಅಂಟಿಕೊಂಡು ತಾನಾಗಿ ಏರುವ ಗುಣಕ್ಕೆ ಕೇಶಾಕರ್ಷಣ ಎಂದು ಹೆಸರು. 0.1 ಮಿಲಿಮೀಟರ್ ಅಗಲದ ಸೀಳಿನಲ್ಲಿ ಶುದ್ಧ ನೀರು ಸುಮಾರು 15 ಸೆಂಟಿಮೀಟರ್ ಎತ್ತರಕ್ಕೆ ಏರಬಲ್ಲದೆಂದು ಲೆಕ್ಕದಿಂದ ತಿಳಿಯುತ್ತದೆ. ಶಾಯಿಯ ಮೇಲ್ಮೈ ಎಳೆತ ನೀರಿಗಿಂತ ಕಡಿಮೆಯಾದ್ದರಿಂದ ಅದರ ಏರಿಕೆ ಇಷ್ಟಿರದು. ಆದರೂ ಪೆನ್ನಿಗೆ ಬೇಕಾದುದಕ್ಕಿಂತ ಹೆಚ್ಚೇ ಇರುತ್ತದೆ. ಶಾಯಿಯನ್ನು ಹಿಡಿದಿಡುವುದೂ ಮೊನೆಗೆ ತರುವುದೂ ಈ ಬಲವೇ. ಕಾಗದದ ನಾರುಗಳ ನಡುವಿನ ಎಡೆಗಳು ಇನ್ನೂ ಸಣ್ಣವು. ಮೊನೆ ಅವನ್ನು ಮುಟ್ಟಿದೊಡನೆ ಕಾಗದವು ಶಾಯಿಯನ್ನು ತನ್ನೆಡೆಗೆ ಎಳೆದುಕೊಳ್ಳುತ್ತದೆ.

ಹಾಗೆ ಇಳಿದ ಶಾಯಿಯ ಸ್ಥಳವನ್ನು ಯಾವುದಾದರೂ ತುಂಬಬೇಕಷ್ಟೆ. ತುಂಬದಿದ್ದರೆ ಒಳಗಿನ ಒತ್ತಡ ತಗ್ಗಿ ಬರವಣಿಗೆ ನಿಲ್ಲುತ್ತದೆ. ನಿಬ್ಬಿನ ಹೊಟ್ಟೆಗೆ ಅಂಟಿಕೊಂಡಿರುವ ಕಪ್ಪು ಕಡ್ಡಿಯ ಕೆಲಸ ಇಲ್ಲಿಯೇ. ಅದರ ಕಾಲುವೆಗಳಲ್ಲಿ ಶಾಯಿ ಇಳಿಯುತ್ತದೆ, ಗಾಳಿ ಗುಳ್ಳೆಗುಳ್ಳೆಯಾಗಿ ಏರುತ್ತದೆ. ಅಮೆರಿಕೆಯ ಲೂಯಿಸ್ ವಾಟರ್‌ಮನ್ 1884ರಲ್ಲಿ ಏಕಸ್ವಾಮ್ಯ ಪಡೆದದ್ದು ಇಂಥ ಕಾಲುವೆಗಳ ಏರ್ಪಾಟಿಗೆ. ಅವನಿಗಿಂತ ಮುಂಚೆ, 1827ರಲ್ಲಿಯೇ, ರೊಮೇನಿಯದ ಪೆಟ್ರಾಕೆ ಪೊಯೆನಾರು ಫ್ರಾನ್ಸಿನಲ್ಲಿ ಒಂದು ಫೌಂಟನ್ ಪೆನ್ನಿಗೆ ಏಕಸ್ವಾಮ್ಯ ಪಡೆದಿದ್ದ. ಒಡಲೊಳಗೆ ಶಾಯಿಯನ್ನಿಡುವ ಉಪಾಯ ಹಳೆಯದೇ. ಗಾಳಿಗೂ ಶಾಯಿಗೂ ಒಪ್ಪಂದ ಮಾಡಿಸುವುದೇ ಕಷ್ಟವಾಗಿತ್ತು.

ರಾಯಚೂರಿನ ಬಿಸಿಲು ಮತ್ತು ಜೇಬಿನ ಕಲೆ

ಕೃಷ್ಣೆ ತುಂಗಭದ್ರೆಗಳ ನಡುವಣ ನಮ್ಮ ಸೀಮೆಯ ಬೇಸಗೆ ಈ ಒಪ್ಪಂದವನ್ನು ಪರೀಕ್ಷಿಸುತ್ತದೆ. ಮುಂಜಾನೆ 27 ಡಿಗ್ರಿ ಸೆಲ್ಸಿಯಸ್ ಇದ್ದ ಪೆನ್ನು ಮಧ್ಯಾಹ್ನದ ಬಿಸಿಲಿಗೆ 42 ಡಿಗ್ರಿ ಮುಟ್ಟಿತೆಂದು ಇಟ್ಟುಕೊಳ್ಳೋಣ. ನಿರಪೇಕ್ಷ ಮಾನದಲ್ಲಿ ಇದು 300ರಿಂದ 315ಕ್ಕೆ ಏರಿದಂತೆ. ಚಾರ್ಲ್ಸನ ನಿಯಮದ ಪ್ರಕಾರ ಒಳಗಿನ ಗಾಳಿಯ ಗಾತ್ರ ಇಪ್ಪತ್ತರಲ್ಲಿ ಒಂದು ಪಾಲು ಹೆಚ್ಚಬೇಕು. ಪೆನ್ನಿನಲ್ಲಿ 2 ಮಿಲಿಲೀಟರ್ ಗಾಳಿಯಿದ್ದರೆ 0.1 ಮಿಲಿಲೀಟರ್ ಶಾಯಿ ಹೊರಕ್ಕೆ ತಳ್ಳಲ್ಪಡುತ್ತದೆ. ಅದು ಸುಮಾರು ಎರಡು ಹನಿ. ಬಿಳಿ ಅಂಗಿಯನ್ನು ಕೆಡಿಸಲು ಅಷ್ಟು ಸಾಕು! ಕಪ್ಪು ಕಡ್ಡಿಯಲ್ಲಿ ಬಾಚಣಿಗೆಯ ಹಲ್ಲುಗಳಂಥ ಸೀಳುಗಳಿರುವುದು ಈ ಹೆಚ್ಚಿನ ಶಾಯಿಯನ್ನು ಹಿಡಿದಿಡಲಿಕ್ಕಾಗಿಯೇ. ಅರ್ಧ ಖಾಲಿಯಾದ ಪೆನ್ನು ತುಂಬಿದ ಪೆನ್ನಿಗಿಂತ ಹೆಚ್ಚು ಸೋರುವುದೇಕೆ, ಮೊನೆಯನ್ನು ಮೇಲಕ್ಕೆ ಮಾಡಿ ಜೇಬಿನಲ್ಲಿಡಬೇಕೆನ್ನುವುದೇಕೆ ಎಂಬುದು ಈಗ ವಾಚಕರಿಗೆ ಹೊಳೆದಿರಬೇಕು.

ಬಿಸಿಲಿನ ಇನ್ನೊಂದು ಉಪದ್ರವ ಒಣಗುವಿಕೆ. ಮುಚ್ಚಳ ತೆಗೆದಿಟ್ಟ ನಿಬ್ಬಿನ ನೀರು ಆವಿಯಾಗಿ ಬಣ್ಣ ಮಾತ್ರ ಸೀಳಿನಲ್ಲಿ ಗಟ್ಟಿಯಾಗುತ್ತದೆ. 1941ರಲ್ಲಿ ಮಾರುಕಟ್ಟೆಗೆ ಬಂದ ಪಾರ್ಕರ್ 51 ಎಂಬ ಪೆನ್ನು ನಿಬ್ಬಿಗೆ ಮುಸುಕು ಹಾಕಿ ಈ ತೊಂದರೆಯನ್ನು ತಗ್ಗಿಸಿತು. ಬೇಗ ಒಣಗುವ, ಕ್ಷಾರಗುಣದ ಶಾಯಿಯೊಂದು ಅದರ ಜೊತೆಗೆ ಬಂದಿತು. ಆ ಶಾಯಿ ಸೆಲ್ಯುಲಾಯಿಡ್ ಪೆನ್ನುಗಳನ್ನು ಕೆಡಿಸುತ್ತಿದ್ದುದರಿಂದ ಒಡಲಿಗೆ ಬೇರೊಂದು ಪ್ಲಾಸ್ಟಿಕ್ಕನ್ನೇ ಆರಿಸಬೇಕಾಯಿತು. ಪೆನ್ನೂ ಶಾಯಿಯೂ ಗಂಡಹೆಂಡಿರಂತೆ, ಒಂದಕ್ಕೊಂದು ಒಗ್ಗಬೇಕು.

ಚಿನ್ನದ ನಿಬ್ಬಿನ ಗುಟ್ಟು

ನಮ್ಮ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿಯಿದೆ. ಅಲ್ಲಿ ಒಂದು ಟನ್ನು ಅದಿರನ್ನು ಪುಡಿಮಾಡಿದರೆ ದೊರೆಯುವುದು ಕೆಲವೇ ಗ್ರಾಮು ಚಿನ್ನ. ಇಷ್ಟು ದುರ್ಲಭವಾದ ಲೋಹವನ್ನು ಬರೆಯುವ ಮೊನೆಗೆ ಏಕೆ ಬಳಸಿದರು? ಬರಿಯ ಆಡಂಬರಕ್ಕಲ್ಲ. ಹಿಂದಿನ ಶಾಯಿಗಳು ಆಮ್ಲಯುಕ್ತವಾಗಿದ್ದು ಸಾಧಾರಣ ಉಕ್ಕನ್ನು ತಿಂದುಹಾಕುತ್ತಿದ್ದವು. ಚಿನ್ನಕ್ಕೆ ಅವುಗಳಿಂದ ಬಾಧೆಯಿರಲಿಲ್ಲ. ಅಪ್ಪಟ ಚಿನ್ನ ತೀರ ಮೆದುವಾದ್ದರಿಂದ ತಾಮ್ರ, ಬೆಳ್ಳಿಗಳನ್ನು ಬೆರೆಸುತ್ತಾರೆ. 14 ಕ್ಯಾರಟ್ ಎಂದರೆ 24 ಪಾಲಿನಲ್ಲಿ 14 ಪಾಲು, ಅಂದರೆ ನೂರಕ್ಕೆ ಸುಮಾರು 58 ಭಾಗ ಚಿನ್ನ.

ಆದರೆ ಕಾಗದವನ್ನು ಮುಟ್ಟುವುದು ಚಿನ್ನವಲ್ಲ. ಮೊನೆಯ ತುದಿಗೆ ಬೆಸೆದ ಸಾಸಿವೆಗಿಂತ ಚಿಕ್ಕ ಗಟ್ಟಿಲೋಹದ ಗುಂಡು ಆ ಕೆಲಸ ಮಾಡುತ್ತದೆ. ಸ್ಮಿತ್ಸನ್ ಟೆನೆಂಟ್ 1803ರಲ್ಲಿ ಕಂಡುಹಿಡಿದ ಆಸ್ಮಿಯಂ, ಇರಿಡಿಯಂಗಳಂಥ ಲೋಹಗಳ ಮಿಶ್ರಣ ಇದಕ್ಕೆ ಬಳಕೆಯಾಯಿತು. ಬರವಣಿಗೆಯ ನುಣುಪು ಈ ಗುಂಡಿನ ಉಜ್ಜುವಿಕೆಯಿಂದ ಬರುವುದೇ ಹೊರತು ಚಿನ್ನದ ಬೆಲೆಯಿಂದಲ್ಲ. ತುಕ್ಕುಹಿಡಿಯದ ಉಕ್ಕು ಬಂದ ಮೇಲೆ ಅಗ್ಗದ ನಿಬ್ಬೂ ಚೆನ್ನಾಗಿ ಬರೆಯಬಲ್ಲದು. ಇದನ್ನರಿತ ಸಂಗ್ರಾಹಕನು ಹೊಳಪಿಗೆ ಹಣ ತೆರುವ ಮೊದಲು ಒಮ್ಮೆ ಯೋಚಿಸುತ್ತಾನೆ.

ಅಳಲೆಕಾಯಿಯಿಂದ ಬೆಳ್ಳಿಯವರೆಗೆ

ಶಾಯಿಗಳ ಸಂಗ್ರಹ ಪೆನ್ನುಗಳಿಗಿಂತ ಸ್ವಾರಸ್ಯವಾದುದೆಂದು ನಮ್ಮ ಅಭಿಪ್ರಾಯ. ದೀಪದ ಕಾಡಿಗೆಗೆ ಅಂಟು ಬೆರೆಸಿ ಮಾಡುವ ಮಸಿ ಬಹು ಪುರಾತನ. ಇಂಗಾಲವು ಬಿಸಿಲಿಗೂ ಗಾಳಿಗೂ ಬಣ್ಣಗೆಡದು. ಆದರೆ ಅದರ ಕಣಗಳು ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ಮನೆಯಲ್ಲಿ ಮಾಡಿದ ಇಂಥ ಮಸಿ ಫೌಂಟನ್ ಪೆನ್ನಿನ ಗಂಟಲನ್ನೇ ಕಟ್ಟಿಬಿಡುತ್ತದೆ.

ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿದ ಶಾಯಿ ಇನ್ನೊಂದು ಬಗೆ. ಅಳಲೆಯ ಒಗರಿನಲ್ಲಿರುವ ಟ್ಯಾನಿನ್ನೂ ಅನ್ನಭೇದಿಯ ಕಬ್ಬಿಣವೂ ಸೇರಿ, ಗಾಳಿಯ ಆಮ್ಲಜನಕವನ್ನು ಹೀರಿ, ನೀರಿನಲ್ಲಿ ಕರಗದ ಕಪ್ಪಾಗುತ್ತವೆ. ಗಟ್ಟಿ ಚಹದ ಕಷಾಯಕ್ಕೆ ಚಿಟಿಕೆ ಅನ್ನಭೇದಿ ಹಾಕಿ ಈ ಬದಲಾವಣೆಯನ್ನು ಪ್ರಯೋಗಶಾಲೆಯಲ್ಲಿ ನೋಡಬಹುದು. ಪೆನ್ನಿಗಾಗಿ ತಯಾರಿಸುವಾಗ ಸೀಸೆಯಲ್ಲಿಯೇ ಕಪ್ಪಾಗದಂತೆ ಆಮ್ಲವನ್ನೂ, ಬರೆಯುವಾಗ ಅಕ್ಷರ ಕಾಣುವಂತೆ ನೀಲಿ ಬಣ್ಣವನ್ನೂ ಸೇರಿಸುತ್ತಿದ್ದರು. ನೀಲಿಯಾಗಿ ಬರೆದು ಕಪ್ಪಾಗಿ ನಿಲ್ಲುವ ಇದೇ ಮೂಲದ ಬ್ಲೂ-ಬ್ಲ್ಯಾಕ್. ಹೊಲದ ಪತ್ರ, ಸಾಲದ ಪತ್ರಗಳಿಗೆ ಇದು ತಕ್ಕುದಾಗಿತ್ತು. ಆದರೆ ಆಮ್ಲ ಅತಿಯಾದರೆ ಅಕ್ಷರವು ತಾನು ಕುಳಿತ ಕಾಗದವನ್ನೇ ತಿನ್ನುತ್ತದೆ.

ಇಂದಿನ ಬಹುತೇಕ ಶಾಯಿಗಳು ನೀರಿನಲ್ಲಿ ಕರಗಿದ ಕೃತಕ ಬಣ್ಣಗಳು. ನಮ್ಮ ದೇಶದಲ್ಲಿ 1931ರಲ್ಲಿ ಆರಂಭವಾದ ಕ್ಯಾಮ್ಲಿನ್ ಶಾಯಿಯ ಪುಡಿ, ಗುಳಿಗೆಗಳಿಂದ ತೊಡಗಿತು. 1934ರಲ್ಲಿ ಬಂಗಾಳದಲ್ಲಿ ಸ್ವದೇಶಿ ಉತ್ಸಾಹದಿಂದ ಸುಲೇಖಾ ಹುಟ್ಟಿತು. ಶಾಯಿಯ ಮಾತು ಬಂದಾಗ ಮೈಸೂರನ್ನು ಮರೆಯಲಾಗದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪನೆಯಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಶಾಯಿಯನ್ನು ತಯಾರಿಸುತ್ತ ಬಂದಿದೆ. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್. ಚರ್ಮದ ಮೇಲೆ ಬೆಳಕು ಬಿದ್ದಾಗ ಕಪ್ಪಾಗುತ್ತದೆ. ಇದು ಪೆನ್ನಿನ ಶಾಯಿಯಲ್ಲವಾದರೂ, ಶಾಯಿಯ ಯೋಗ್ಯತೆ ಅದರ ಕೆಲಸವನ್ನು ಹೊಂದಿಕೊಂಡಿದೆ ಎಂಬುದಕ್ಕೆ ಒಳ್ಳೆಯ ನಿದರ್ಶನ.

ಮೋಹದ ಮುಖಗಳು

ಇನ್ನು ಹವ್ಯಾಸದ ಅಪಾಯಗಳನ್ನು ನೋಡೋಣ. ಮೊದಲನೆಯದು ಸಂಖ್ಯೆಯ ಮೋಹ. ಸಂಗ್ರಾಹಕನ ಬಳಿ 30 ಮಿಲಿಲೀಟರಿನ 20 ಸೀಸೆಗಳಿವೆ ಎನ್ನೋಣ; ಒಟ್ಟು 600 ಮಿಲಿಲೀಟರ್. ವಾರಕ್ಕೊಮ್ಮೆ 1 ಮಿಲಿಲೀಟರ್ ತುಂಬಿಕೊಳ್ಳುವ ವಿದ್ಯಾರ್ಥಿಗೆ ಅದು 600 ವಾರ, ಅಂದರೆ ಹನ್ನೊಂದು ವರ್ಷಕ್ಕೂ ಮಿಕ್ಕು ಸಾಕು! ಪ್ರೌಢಶಾಲೆಯಲ್ಲಿ ಕೊಂಡ ಶಾಯಿ ಅವನ ಮದುವೆಯ ಆಮಂತ್ರಣಕ್ಕೂ ಉಳಿದೀತು. ಅಷ್ಟರಲ್ಲಿ ಕೆಲವು ಸೀಸೆಗಳಲ್ಲಿ ಬೂಷ್ಟು ಬೆಳೆದಿರುತ್ತದೆ, ಕೆಲವುಗಳ ತಳದಲ್ಲಿ ಗಸಿ ಕೂತಿರುತ್ತದೆ. ಪುಸ್ತಕದ ಹಣ ಸೀಸೆಗೆ ಹೋಯಿತೆಂದರೆ ಹವ್ಯಾಸವು ಒಡೆಯನಾಯಿತು, ನಾವು ಆಳಾದೆವು.

ಎರಡನೆಯದು ಬೆರೆಸುವ ಮೋಹ. ಆಮ್ಲಗುಣದ ಶಾಯಿಗೆ ಕ್ಷಾರಗುಣದ್ದನ್ನು ಸೇರಿಸಿದರೆ ಬಣ್ಣ ಕದಡಿ ಮಡ್ಡಿಯಾಗಬಹುದು. ಬೆರೆಸುವ ಕುತೂಹಲವಿದ್ದವರು ಗಾಜಿನ ನಳಿಗೆಯಲ್ಲಿ ಬೆರೆಸಿ ಒಂದು ವಾರ ಕಾದು ನೋಡಲಿ. ಪೆನ್ನಿನ ಒಡಲಿನಲ್ಲಿ ಬೇಡ.

ಮೂರನೆಯದು ಹೆಚ್ಚು ಸೂಕ್ಷ್ಮವಾದುದು: ಹಳೆಯದನ್ನು ಹೊಸದಾಗಿಸುವ ಮೋಹ. ಎಬೊನೈಟ್ ಎಂದರೆ ರಬ್ಬರಿಗೆ ಬಹಳಷ್ಟು ಗಂಧಕ ಸೇರಿಸಿ ಕಾಯಿಸಿದ ಗಟ್ಟಿ ವಸ್ತು. ವರ್ಷಗಳ ಬೆಳಕು, ತೇವಗಳಿಂದ ಅದರ ಮೈ ಕಂದಾಗುತ್ತದೆ. ಉಜ್ಜಿದರೆ ಕಪ್ಪು ಮರಳುತ್ತದೆ. ಆದರೆ ಅದರೊಡನೆ ಕೊರೆದ ಹೆಸರೂ ಸವೆಯುತ್ತದೆ. ನಿಬ್ಬಿನ ತುದಿಯೂ ಹಾಗೆಯೇ. ಹತ್ತಾರು ವರ್ಷ ಒಂದೇ ಕೈಯಲ್ಲಿ ಬರೆದ ಮೊನೆ ಆ ಕೈಯ ಓರೆಗೆ ತಕ್ಕಂತೆ ಸವೆದಿರುತ್ತದೆ. ಅಜ್ಜನ ಪೆನ್ನು ಮೊಮ್ಮಗನ ಕೈಯಲ್ಲಿ ಗೀರಿದಂತಾದರೆ ಅದು ಪೆನ್ನಿನ ದೋಷವಲ್ಲ. ಅಜ್ಜನ ಹಸ್ತದ ಗುರುತು. ಅದನ್ನು ಉಜ್ಜಿ ನಯಮಾಡಿದವನು ಒಂದು ದಾಖಲೆಯನ್ನೇ ಅಳಿಸಿದಂತೆ. ಅಂಥ ಪೆನ್ನನ್ನು ತಣ್ಣೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಇದ್ದಂತೆಯೇ ಇಡುವುದು ಲೇಸು. ಎಬೊನೈಟಿಗೆ ಬಿಸಿನೀರು ಸೋಕಿಸಬಾರದು.

ತರುಣರಿಗೆ ಒಂದು ದಾರಿ

ಹಾಗಾದರೆ ಹೇಗೆ ಸಂಗ್ರಹಿಸಬೇಕು? ಒಂದು ಪೆನ್ನು, ಎರಡು ಶಾಯಿ, ಒಂದು ನೋಟುಪುಸ್ತಕ: ಇಷ್ಟರಿಂದ ಆರಂಭಿಸಬಹುದು. ಒಮ್ಮೆ ತುಂಬಿದ ಶಾಯಿ ಎಷ್ಟು ಪುಟ ಬರುತ್ತದೆಂದು ಎಣಿಸಿ ಬರೆದಿಡಿ. ಸೋಸುಕಾಗದದ ಪಟ್ಟಿಯ ಮೇಲೆ ಒಂದು ಚುಕ್ಕೆ ಶಾಯಿಯಿಟ್ಟು, ಚುಕ್ಕೆ ಮುಳುಗದಂತೆ ಪಟ್ಟಿಯ ತುದಿಯನ್ನು ನೀರಿನಲ್ಲಿ ನಿಲ್ಲಿಸಿ. ನೀರು ಏರಿದಂತೆ, ಕಪ್ಪೆಂದು ತೋರುವ ಶಾಯಿಯಿಂದ ನೀಲಿ, ಕೆಂಪು, ಹಳದಿಗಳು ಬೇರೆಬೇರೆಯಾಗುವುದುಂಟು. ರಷ್ಯದ ತ್ಸ್ವೆಟ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಲೆಗಳ ಬಣ್ಣವನ್ನು ಬೇರ್ಪಡಿಸಿದ್ದು ಇದೇ ತತ್ತ್ವದಿಂದ. ಇನ್ನೊಂದು ಹಾಳೆಯಲ್ಲಿ ಪ್ರತಿ ಶಾಯಿಯಿಂದಲೂ ಒಂದು ಸಾಲು ಬರೆದು, ಅರ್ಧವನ್ನು ಕಪ್ಪು ಕಾಗದದಿಂದ ಮುಚ್ಚಿ, ಒಂದು ತಿಂಗಳು ಬಿಸಿಲಿಗಿಡಿ. ನಮ್ಮ ಸೀಮೆಯಲ್ಲಿ ಬಿಸಿಲಿಗೇನೂ ಬಡತನವಿಲ್ಲ. ಮುಚ್ಚಿದ ಭಾಗಕ್ಕೂ ತೆರೆದ ಭಾಗಕ್ಕೂ ಇರುವ ಅಂತರವೇ ಆ ಶಾಯಿಯ ನಿಜವಾದ ಯೋಗ್ಯತಾಪತ್ರ. ಮುಖ್ಯವಾದ ಬರಹವನ್ನು ಯಾವ ಶಾಯಿಗೆ ಒಪ್ಪಿಸಬೇಕೆಂಬುದನ್ನು ಜಾಹೀರಾತಿಗಿಂತ ಈ ಹಾಳೆ ಚೆನ್ನಾಗಿ ಹೇಳುತ್ತದೆ.

ಎರಡನೆಯ ಪೆನ್ನನ್ನು ಕೊಳ್ಳುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಮೊದಲನೆಯದು ಹೇಳದ ಯಾವ ಸಂಗತಿಯನ್ನು ಇದು ಹೇಳುತ್ತದೆ? ಉತ್ತರವಿದ್ದರೆ ಸಂತೋಷವಾಗಿ ಕೊಳ್ಳಿ. ಇಲ್ಲದಿದ್ದರೆ ಹಣವನ್ನು ಜೇಬಿನಲ್ಲಿಡಿ. ನೂರು ಪೆನ್ನುಗಳ ಪೆಟ್ಟಿಗೆಗಿಂತ ಒಂದು ಪೆನ್ನಿನಿಂದ ತುಂಬಿಸಿದ ನೋಟುಪುಸ್ತಕ ಬೆಲೆಯುಳ್ಳದ್ದು. ಪೆನ್ನು ಹುಟ್ಟಿದ್ದು ಪೆಟ್ಟಿಗೆಯಲ್ಲಿ ಮಲಗಲಿಕ್ಕಲ್ಲ, ಬರೆಯಲಿಕ್ಕೆ.